ಬೆರಳಿಗೆ ಅಂಜಿದರೆ ಕಾಲೇ ಹೋದೀತು!

ಇಟಗಿ: ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿನ ಮಹಾದೇವ ದೇವಾಲಯದ ಹೊರಗಿನ ಕಲ್ಲು ಎಷ್ಟು ಕಾದಿರುತ್ತದೆ ಎಂಬುದನ್ನು ಈ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಬಿಟ್ಟು ಕಾಲಿಟ್ಟ ಹುಡುಗರು ಕುಣಿಯುತ್ತ ನೆರಳಿಗೆ ಓಡುತ್ತಾರೆ. ದೊಡ್ಡವರು "ಯಪ್ಪಾ, ಸುಡಾಕತ್ತೈತಿ" ಎನ್ನುತ್ತ ಹಿಮ್ಮಡಿಯ ಮೇಲೆ ದಾಟುತ್ತಾರೆ. ಅಂಥ ಹೊತ್ತಿನಲ್ಲಿ ಅದೇ ಕಲ್ಲಿನ ಮೇಲೆ ಒಬ್ಬರು ನಿಧಾನವಾಗಿ, ಏನೂ ಆಗದವರಂತೆ ನಡೆದು ಹೋದರೆ? ನೋಡಿದವರು "ಅವರ ಭಕ್ತಿ ದೊಡ್ಡದು ಬಿಡ್ರಿ" ಎಂದು ಕೈ ಮುಗಿಯುತ್ತಾರೆ. ಪಕ್ಕದಲ್ಲಿ ಬಲ್ಲ ವೈದ್ಯರಿದ್ದರೆ ಮಾತ್ರ ಬೇರೆ ಪ್ರಶ್ನೆ ಕೇಳುತ್ತಾರೆ: "ಯಜಮಾನ್ರ, ನಿಮಗ ಸಕ್ಕರಿ ಕಾಯಿಲೆ ಆಗಿ ಎಷ್ಟ್ ವರ್ಷಾತ್ರಿ?"

ಕ್ರಿ.ಶ. 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಇದು. ಶಾಸನದಲ್ಲಿ ಇದಕ್ಕೆ 'ದೇವಾಲಯ ಚಕ್ರವರ್ತಿ' ಎಂಬ ಬಿರುದೇ ಇದೆ. (ಭೀಮಾಂಬಿಕೆಯ ಇಟಗಿ ಬೇರೆ, ಅದು ಗದಗ ಜಿಲ್ಲೆಯದು. ಇದು ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದ ಇಟಗಿ.) ಒಂಬತ್ತು ಶತಮಾನ ಬಿಸಿಲು ಕುಡಿದ ಕಲ್ಲಿಗೆ ಯಾರ ಪಾದವಾದರೇನು? ಸುಡುವುದು ಅದರ ಗುಣ. ಸುಟ್ಟದ್ದು ಕಾಲಿಗೆ ಗೊತ್ತಾಗದಿರುವುದು ಮಾತ್ರ ರೋಗ. ಕಾಲು ಕತ್ತರಿಸುವ ಕತೆ ಆಪರೇಶನ್ ಕೋಣೆಯಲ್ಲಿ ಸುರುವಾಗುತ್ತದೆ ಎಂದು ತಿಳಿದವರು ಬಹಳ. ಬಹುಪಾಲು ಅದು ಸುರುವಾಗುವುದು ಹೀಗೆ, ಒಂದು ಬೊಬ್ಬೆಯಿಂದ, ಒಂದು ಮುಳ್ಳಿನಿಂದ, ಹೊಸ ಚಪ್ಪಲಿಯ ಒಂದು ಪಟ್ಟಿಯಿಂದ.

ನೋವು ಇಲ್ಲದ್ದೇ ಅಪಾಯ!

ಸಕ್ಕರೆ ಕಾಯಿಲೆ ಹಳೆಯದಾದಂತೆ ಮೈಯ ನರಗಳು ಕೆಡುತ್ತವೆ. ಎಲ್ಲಕ್ಕಿಂತ ಉದ್ದದ ನರಗಳು ಮೊದಲು ಕೆಡುವುದರಿಂದ ಕಾಲ್ಬೆರಳ ತುದಿಯಿಂದ ಆರಂಭವಾಗಿ ಮೇಲಕ್ಕೆ, ಕಾಲುಚೀಲ ಹಾಕಿಕೊಂಡಂತೆ, ಏರುತ್ತ ಹೋಗುತ್ತದೆ. ಮೊದಮೊದಲು "ಇರಿವಿ ಹರದಂಗ ಆಗ್ತೈತಿ", "ರಾತ್ರಿ ಪಾದ ಉರಿತಾವು", "ಹತ್ತಿ ಮ್ಯಾಲ ನಡದಂಗ ಐತಿ" ಎಂಬ ಮಾತುಗಳು. ಆಮೇಲೆ ಆ ಮಾತೂ ನಿಲ್ಲುತ್ತದೆ. ಮನೆಯವರು ಗುಣವಾಯಿತೆಂದು ತಿಳಿಯುತ್ತಾರೆ. ನಿಜವಾಗಿ ಕಾವಲುಗಾರ ನಿದ್ದೆ ಹೋಗಿರುತ್ತಾನೆ.

ಈ ಸತ್ಯವನ್ನು ಜಗತ್ತಿಗೆ ಸರಿಯಾಗಿ ತೋರಿಸಿಕೊಟ್ಟದ್ದು ಸಕ್ಕರೆ ಕಾಯಿಲೆಯವರ ಆಸ್ಪತ್ರೆಯಲ್ಲ, ಕುಷ್ಠರೋಗಿಗಳ ಆಸ್ಪತ್ರೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ಬಂದರೆ ಬೆರಳು ತಾನಾಗಿ ಕೊಳೆತು ಬೀಳುತ್ತದೆ ಎಂಬುದು ಅಲ್ಲಿಯವರೆಗಿನ ನಂಬಿಕೆ. ಬ್ರಾಂಡ್ ಮತ್ತು ಸಂಗಡಿಗರು ರೋಗಿಗಳ ದಿನಚರಿಯನ್ನೇ ಬೆನ್ನುಹತ್ತಿ ನೋಡಿದರು. ಬಿಸಿ ಪಾತ್ರೆ ಬರಿಗೈಯಲ್ಲಿ ಎತ್ತುತ್ತಿದ್ದರು, ಮೊಳೆ ಹೊಕ್ಕ ಕಾಲಿನಲ್ಲೇ ನಡೆಯುತ್ತಿದ್ದರು, ರಾತ್ರಿ ಮಲಗಿದಾಗ ಇಲಿ ಬಂದು ಬೆರಳು ಕಡಿದರೂ ಎಚ್ಚರವಾಗುತ್ತಿರಲಿಲ್ಲ! ಕೊನೆಗೆ ಬೆಕ್ಕು ಸಾಕಿದ ಮೇಲೆ ಆ ಗಾಯಗಳು ನಿಂತವಂತೆ. ಬೆರಳು ತಿಂದದ್ದು ರೋಗವಲ್ಲ, ತಿಳಿಯದ ಗಾಯ ಮತ್ತು ಅದರೊಳಗೆ ಸೇರಿದ ನಂಜು ಎಂಬುದು ಹೀಗೆ ಗೊತ್ತಾಯಿತು.

ಈಗ ಕುಷ್ಠ ಕಡಿಮೆಯಾಗಿದೆ, ಸಕ್ಕರೆ ಕಾಯಿಲೆ ಆ ಜಾಗಕ್ಕೆ ಬಂದು ಕುಳಿತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಈ ಕಾಯಿಲೆ ಇದೆ. ಕಾಯಿಲೆ ಇದ್ದ ಪ್ರತಿ ನಾಲ್ಕೈದು ಜನರಲ್ಲಿ ಒಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಪಾದದ ಹುಣ್ಣು ಆಗುತ್ತದೆಂಬುದು ವೈದ್ಯರ ಲೆಕ್ಕ. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಮೊದಲು ಆಗಿದ್ದದ್ದು ಅಂಥ ಒಂದು ಹುಣ್ಣು. ಹುಣ್ಣನ್ನು ಹಿಡಿದರೆ ಕಾಲು ಉಳಿಯುತ್ತದೆ ಎಂಬ ಮಾತಿಗೆ ಆಧಾರ ಇದೇ ಅಂಕಿ.

ಒಬ್ಬ ಅಂಗಡಿಕಾರನ ಹತ್ತು ದಿನ

ವಾಚಕರು ಒಬ್ಬ ಕಿರಾಣಿ ಅಂಗಡಿಯವರನ್ನು ಊಹಿಸಿಕೊಳ್ಳಲಿ. ಹೆಸರು ಬೇಡ. ಹೆಸರು ಹಾಕಿದರೆ ಊರಿಗೊಬ್ಬರು "ಇದು ನಮ್ಮ ಮನಿ ಸುದ್ದೀನ ಬರದಾರ" ಎಂದು ಜಗಳಕ್ಕೆ ಬಂದಾರು. ವಯಸ್ಸು 50ರ ಮೇಲೆ, ಸಕ್ಕರೆ ಕಾಯಿಲೆ ಹತ್ತು ವರ್ಷದ್ದು, ಗುಳಿಗಿ ನೆನಪಾದ ದಿನ ನುಂಗುವುದು. ಬೆಳಗ್ಗೆ ಬಸ್ಸು ಹತ್ತಿ ಕುಕನೂರಿಗೆ ಹೋಗಿ ಮಾಲು ತರುವುದು, ದಿನವಿಡೀ ಗಲ್ಲೆಯ ಮುಂದೆ ಕೂಡುವುದು.

ಮೊದಲ ದಿನ ಹೊಲದ ದಾರಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿ ತೂರಿ ಹೆಬ್ಬೆರಳ ಬುಡಕ್ಕೆ ಚುಚ್ಚುತ್ತದೆ. ಈ ಮುಳ್ಳಿನ ಪರಿಚಯ ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಚೆನ್ನಾಗಿ ಇದೆ, ಸೈಕಲ್ ಟೈರಿಗೂ ಬಿಟ್ಟದ್ದಲ್ಲ. ಅಂಗಡಿಯವರಿಗೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಮೂರನೆಯ ದಿನ ಕಾಲುಚೀಲ ಒದ್ದೆ. ಅರಿಷಿಣ ಎಣ್ಣೆ ಆಯಿತು. ಐದನೆಯ ದಿನ ಔಷಧದ ಅಂಗಡಿಯಲ್ಲಿ "ಎರಡು ಗುಳಿಗಿ ಕೊಡ್ರಿ, ಗಾಯ ಒಣಗಬೇಕು" ಆಯಿತು. ಏಳನೆಯ ದಿನ ಹೆಂಡತಿ ಮೂಗು ಮುಚ್ಚಿಕೊಂಡು ಹೇಳುತ್ತಾರೆ:

"ಏನ್ರಿ, ಕಾಲಿಂದ ವಾಸ್ನಿ ಬರಾಕತ್ತೈತ್ರಿ. ದವಾಖಾನಿಗೆ ನಡೀರಿ."

"ನೋವ ಇಲ್ಲ ಬಿಡ, ಏನಾಗೂದಿಲ್ಲ. ಸೋಮವಾರ ಸಂತಿ ಐತಿ, ಮುಗಿಲಿ."

ಹತ್ತನೆಯ ದಿನ ಮೈಗೆ ಚಳಿ ಜ್ವರ, ಪಾದ ಬೂದುಗುಂಬಳದಂತೆ ಊದಿ ಬೆರಳು ಕಪ್ಪಾಗಿದೆ. ಆಗ ಆಸ್ಪತ್ರೆಯಲ್ಲಿ ವೈದ್ಯರು "ಯಜಮಾನ್ರ, ಇವತ್ತ ಬೆರಳು ತಗೀಬೇಕ್ರಿ, ಕೀವು ಬಿಡಸಬೇಕ್ರಿ" ಎಂದರೆ ಮನೆಯವರೆಲ್ಲ ಗುಂಪುಗೂಡಿ ಗೋಳಾಡುತ್ತಾರೆ. ಮಾವ ಬರಬೇಕು, ಅಳಿಯ ಬರಬೇಕು, ದೇವರ ಅಪ್ಪಣೆ ಕೇಳಬೇಕು. "ಇನ್ನೊಂದ್ ವಾರ ತಡೀರಿ ಸಾಹೇಬ್ರ, ಗುಳಿಗಿ ಕೊಟ್ಟ್ ನೋಡ್ರಿ" ಎಂದು ಕೈ ಮುಗಿದು ಮನೆಗೆ ಕರೆದುಕೊಂಡು ಹೋಗುತ್ತಾರೆ. ಬೆರಳು ಉಳಿಸಿಕೊಳ್ಳಲು ಹೋದ ಆ ಒಂದು ವಾರವೇ ಮೊಣಕಾಲಿನ ಕೆಳಗಿನದನ್ನೆಲ್ಲ ತಿಂದುಹಾಕುತ್ತದೆ.

ಇಲ್ಲಿ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಬೇಕು. ಸತ್ತ ಬೆರಳನ್ನು ಹೊತ್ತಿಗೆ ಸರಿಯಾಗಿ ತೆಗೆಸುವುದು ಕಾಲು ಕಳೆದುಕೊಳ್ಳುವುದರ ಮೊದಲ ಮೆಟ್ಟಿಲಲ್ಲ, ಕಾಲು ಉಳಿಸುವ ಚಿಕಿತ್ಸೆಯ ಭಾಗ. ಹೆಬ್ಬೆರಳು ಹೋದವರು ತಕ್ಕ ಪಾದರಕ್ಷೆ ಹಾಕಿಕೊಂಡು ನಡೆಯುತ್ತಾರೆ, ಅಂಗಡಿ ನಡೆಸುತ್ತಾರೆ, ಬಸ್ಸು ಹತ್ತುತ್ತಾರೆ. ಎಲ್ಲ ಬೆರಳುಗಳ ಬುಡದವರೆಗೆ ಅರ್ಧ ಪಾದ ಹೋದವರೂ ಹಿಮ್ಮಡಿ ಊರಿ ನಿಲ್ಲಬಲ್ಲರು. ಬೆರಳು ತೆಗೆಯುವ ವೈದ್ಯ ಕಟುಕ, ಮುಲಾಮು ಕೊಡುವವನು ದೇವರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಎಷ್ಟೋ ಕಾಲು ಹೋಗಿರುವುದು ಈ ಭಾವನೆಯಿಂದಲೇ.

ಆದರೆ ಕತ್ತರಿಸುವ ಮುಂಚೆ ಕೇಳಬೇಕಾದ್ದೂ ಇದೆ

ಹಾಗೆಂದು ವೈದ್ಯರು "ಕಾಲು ತೆಗೆಯಬೇಕು" ಎಂದ ಕೂಡಲೇ ತಲೆಯಾಡಿಸಬೇಕೆಂದೂ ಅಲ್ಲ. ಎರಡು ಸಂಗತಿ ಬೇರೆ ಬೇರೆ ತಿಳಿಯಬೇಕು.

ಒಂದು, ಒದ್ದೆ ಕೊಳೆತ. ಕೀವು, ವಾಸನೆ, ಊತ, ಜ್ವರ. ಇದು ದಿನದ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ನಂಜು ರಕ್ತಕ್ಕೆ ಏರಿದರೆ ಹೋಗುವುದು ಕಾಲಲ್ಲ, ಜೀವ. ಇಲ್ಲಿ ಶಸ್ತ್ರವೈದ್ಯರು ಮೊದಲು ಪಾದವನ್ನು ಸೀಳಿ ಕೀವು ಹೊರಗೆ ಬಿಡುತ್ತಾರೆ, ಸತ್ತದ್ದನ್ನು ತೆಗೆಯುತ್ತಾರೆ, ಗಾಯವನ್ನು ಹೊಲಿಯದೆ ತೆರೆದೇ ಇಡುತ್ತಾರೆ. ನೋಡಿದವರಿಗೆ ಗಾಬರಿ, "ಹಂಗ ಬಿಟ್ಟಾರಲ್ಲ!" ಎಂದು ದೂರು. ಹೊಲಿದರೆ ಕೀವು ಒಳಗೇ ಕಟ್ಟುತ್ತದೆ ಎಂಬ ಕಾರಣಕ್ಕೇ ಹಾಗೆ ಬಿಟ್ಟಿರುತ್ತಾರೆ. ಕೆಂಪು ಮಾಂಸ ತುಂಬಿಕೊಂಡ ಮೇಲೆ ತೊಡೆಯ ಚರ್ಮ ತಂದು ಹಚ್ಚುವುದೂ ಉಂಟು.

ಇನ್ನೊಂದು, ಒಣ ಕೊಳೆತ. ಬೆರಳು ಕಪ್ಪಾಗಿ ಒಣಗಿ ಸುಕ್ಕುಗಟ್ಟುತ್ತದೆ, ವಾಸನೆ ಇರುವುದಿಲ್ಲ. ಇದು ರಕ್ತ ಹೋಗುವ ದಾರಿ ಮುಚ್ಚಿದ ಗುರುತು. ಇಲ್ಲಿ ತುಸು ಸಮಯ ಇರುತ್ತದೆ, ಆ ಸಮಯವನ್ನು ಉಪಯೋಗಿಸಿಕೊಳ್ಳಬೇಕು. ರಕ್ತನಾಳ ತೆರೆಸದೆ ಬೆರಳು ಮಾತ್ರ ಕತ್ತರಿಸಿದರೆ ಆ ಗಾಯ ಒಣಗುವುದಿಲ್ಲ. ನೀರು ಬಾರದ ಕಾಲುವೆಯ ಕೊನೆಯಲ್ಲಿ ಸಸಿ ನೆಟ್ಟಂತೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಕ್ಕಿಲ್ಲ.

ಆದ್ದರಿಂದ ರೋಗಿಯ ಕಡೆಯವರು ವಿನಯದಿಂದ ಒಂದು ಪ್ರಶ್ನೆ ಕೇಳಬೇಕು: "ಕಾಲಿಗೆ ರಕ್ತ ಎಲ್ಲೀತನಕ ಬರಾಕತ್ತೈತ್ರಿ ಸಾಹೇಬ್ರ, ನೋಡೀರೇನ್ರಿ?" ಪಾದದ ಮೇಲ್ಭಾಗದಲ್ಲೊಂದು, ಒಳ ಕಣಕಾಲಿನ ಹಿಂದೊಂದು ನಾಡಿ ಇದೆ, ವೈದ್ಯರು ಬೆರಳಿಟ್ಟು ನೋಡಬಹುದು. ಕೈಗೆ ಬಿ.ಪಿ. ನೋಡಿದಂತೆ ಕಣಕಾಲಿಗೂ ಪಟ್ಟಿ ಕಟ್ಟಿ, ಡಾಪ್ಲರ್ ಎಂಬ ಸಣ್ಣ ಯಂತ್ರದಿಂದ ರಕ್ತದ ಸಪ್ಪಳ ಕೇಳಿ ಎರಡನ್ನೂ ಹೋಲಿಸುತ್ತಾರೆ. ಕಾಲಿನದು ಕೈಯದಕ್ಕಿಂತ ತೀರ ಕಡಿಮೆ ಇದ್ದರೆ ದಾರಿ ಕಟ್ಟಿದೆ ಎಂದು ಅರ್ಥ. ಆಗ ರಕ್ತನಾಳದ ತಜ್ಞರು ಬಲೂನು ಹಾಕಿ ದಾರಿ ತೆರೆಯುತ್ತಾರೆ, ಇಲ್ಲವೇ ರೋಗಿಯದೇ ಬೇರೊಂದು ನಾಳ ತೆಗೆದು ಬೈಪಾಸ್ ಹಾಕುತ್ತಾರೆ. ಹೃದಯಕ್ಕೆ ಮಾತ್ರ ಬೈಪಾಸ್ ಇರುವುದೆಂದು ತಿಳಿದವರಿಗೆ ಇದು ಹೊಸ ಸುದ್ದಿಯಾದೀತು.

ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೆಂದೇ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕ್ಯುಲರ್ ಸೈನ್ಸಸ್ ಎಂಬ ವಿಭಾಗವಿದೆ. ಸರ್ಕಾರದ ಕರ್ನಾಟಕ ಅಂತಃಸ್ರಾವ ಸಂಶೋಧನಾ ಸಂಸ್ಥೆ, ಅಂದರೆ ಹಿಂದೆ ಡಯಾಬಿಟಾಲಜಿ ಸಂಸ್ಥೆ ಎನ್ನುತ್ತಿದ್ದದ್ದು, ಪಾದದ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗ ಇಟ್ಟಿದೆ. ಆದರೆ ಇಟಗಿಯಿಂದ ಬೆಂಗಳೂರು ಒಂದು ರಾತ್ರಿಯ ಹಾದಿ, ಕಪ್ಪಾದ ಬೆರಳು ರಾತ್ರಿ ಬಸ್ಸಿನ ಟೈಮ್‌ಟೇಬಲ್ ನೋಡುವುದಿಲ್ಲ. ಮೊದಲ ನೋಟ ಹತ್ತಿರದಲ್ಲೇ ಆಗಬೇಕು. ಕೊಪ್ಪಳ, ಗದಗ ಎರಡೂ ಕಡೆ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹಿಂದೆ ರಾಯಚೂರು ಜಿಲ್ಲೆಯ ಮೂಲೆಯಾಗಿದ್ದ ಈ ಸೀಮೆಗೆ 1997ರಲ್ಲಿ ಜಿಲ್ಲೆ ಬಂದದ್ದರ ಲಾಭವನ್ನು ಇಂಥ ಹೊತ್ತಿನಲ್ಲಾದರೂ ಪಡೆಯಬೇಡವೇ? 108ಕ್ಕೆ ಫೋನು ಮಾಡಿದರೆ ಗಾಡಿ ಬರುವ ವ್ಯವಸ್ಥೆ 2008ರಿಂದಲೂ ಇದೆ.

ಹಣದ ಮಾತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಉಳಿದವರಿಗೆ ವೆಚ್ಚದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಎಂದು ಗೊತ್ತುಪಡಿಸಲಾಗಿದೆ. ಸರ್ಕಾರಿ ಆಸ್ಪತ್ರೆಗೆ ಮೊದಲು ಹೋದರೆ ಅಲ್ಲಿಂದ ಶಿಫಾರಸಿನ ಚೀಟಿಯ ದಾರಿಯೂ ತೆರೆಯುತ್ತದೆ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡೇ ಹೊರಡುವುದು ಜಾಣತನ.

ಬೀಡಿ ಮಾರುವವರೂ ಕೇಳಿ

ಸಕ್ಕರೆ ಇಲ್ಲದವರ ಕಾಲೂ ಹೋಗುತ್ತದೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಎಂಬ ವೈದ್ಯ ವಿವರಿಸಿದ ರೋಗಕ್ಕೆ ಅವನದೇ ಹೆಸರಿದೆ. ಹೆಚ್ಚಾಗಿ 45ರೊಳಗಿನ ಗಂಡಸರು, ಕೈಯಲ್ಲಿ ಸದಾ ಬೀಡಿ ಸಿಗರೇಟು. ಸಣ್ಣ ರಕ್ತನಾಳಗಳು ಉರಿತು ಕಟ್ಟಿಹೋಗುತ್ತವೆ. ಎರಡು ಫರ್ಲಾಂಗು ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು, ಮತ್ತೆ ನಡೆದರೆ ಹಿಡಿಯುವುದು, ಇದು ಮೊದಲ ಸೂಚನೆ. ಆಮೇಲೆ ರಾತ್ರಿ ನೋವಿಗೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂಡುವ ಸ್ಥಿತಿ. ಈ ರೋಗಕ್ಕೆ ಎಂಥ ಔಷಧ ಕೊಟ್ಟರೂ ತಂಬಾಕು ಬಿಡದಿದ್ದರೆ ನಿಲ್ಲುವುದಿಲ್ಲ. ಪೂರ್ತಿ ಬಿಟ್ಟವರಲ್ಲಿ ಕಾಲು ಉಳಿದ ನಿದರ್ಶನ ಬೇಕಾದಷ್ಟು. "ದಿನಕ್ಕ ಎರಡ ಸೇದ್ತೀನ್ರಿ" ಎಂಬ ರಾಜಿಗೆ ಇಲ್ಲಿ ಜಾಗವಿಲ್ಲ. ಪಾನ್ ಅಂಗಡಿಯವರು ಬೀಡಿ ಮಾರಬಾರದೆಂದು ಹೇಳುವುದು ಸುಲಭ, ಅವರ ಹೊಟ್ಟೆಪಾಡು ಕೇಳುವವರಾರು? ಆದರೆ ಕುಂಟುತ್ತ ಬಂದ ಗಿರಾಕಿಗೆ ಕಟ್ಟು ಕೊಡುವಾಗ "ಅಣ್ಣಾರ, ಕಾಲು ತೋರ್ಸೀರೇನು?" ಎಂದು ಕೇಳಲು ದುಡ್ಡು ಬೀಳುವುದಿಲ್ಲ.

ಲಂಡನ್ನಿನ ಒಂದು ಪಾಠ

ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ 1981ರಲ್ಲಿ ಡಾ. ಮೈಕೆಲ್ ಎಡ್ಮಂಡ್ಸ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರ ಪಾದಕ್ಕೆಂದೇ ಒಂದು ಕ್ಲಿನಿಕ್ ತೆರೆದರು. ಹೊಸ ಔಷಧ ಕಂಡುಹಿಡಿದದ್ದೇನೂ ಇಲ್ಲ. ವೈದ್ಯ, ಶಸ್ತ್ರವೈದ್ಯ, ನರ್ಸು, ಆಣಿ ಕೆರೆಯುವವರು, ಚಪ್ಪಲಿ ಮಾಡುವವರು ಎಲ್ಲರೂ ಒಂದೇ ಸೂರಿನಡಿ ಕೂತರು, ಅಷ್ಟೇ. ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಲು ತೆಗೆಯುವುದು ಅರ್ಧಕ್ಕೆ ಇಳಿಯಿತು! ಇದನ್ನೆಲ್ಲ ಕಂಡ ಮೇಲೆ ಯುರೋಪಿನ ದೇಶಗಳು 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟ್ ಎಂಬಲ್ಲಿ ಸೇರಿ, ಸಕ್ಕರೆ ಕಾಯಿಲೆಯ ಕೊಳೆತದಿಂದ ಕಾಲು ತೆಗೆಯುವುದನ್ನು ಅರ್ಧಕ್ಕೆ ಇಳಿಸುವುದಾಗಿ ಘೋಷಿಸಿದವು. ನಮ್ಮಲ್ಲಿ ನಾಗಪುರದ ಡಾ. ಶರದ್ ಪೆಂಡ್ಸೆ ಮೊದಲಾದವರು ಸುಮಾರು ಎರಡು ದಶಕದ ಹಿಂದೆ 'ಸ್ಟೆಪ್ ಬೈ ಸ್ಟೆಪ್' ಎಂಬ ಹೆಸರಿನಲ್ಲಿ ಸಣ್ಣ ಊರುಗಳ ವೈದ್ಯರಿಗೂ ನರ್ಸುಗಳಿಗೂ ಪಾದ ನೋಡುವ ತರಬೇತಿ ಕೊಡುವ ಕೆಲಸ ಸುರು ಮಾಡಿದರು.

ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡುವುದು ಅರ್ಧ ಚಿಕಿತ್ಸೆ. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಅದೇ ಕಾಲಿನಲ್ಲಿ ಬಸ್ ಸ್ಟ್ಯಾಂಡಿಗೆ ನಡೆದು ಬಂದರೆ ಕಟ್ಟಿದ್ದು ವ್ಯರ್ಥ. 1930ರ ದಶಕದಲ್ಲೇ ನಮ್ಮ ದೇಶದ ಕುಷ್ಠರೋಗ ವೈದ್ಯರು ಹುಣ್ಣಿನ ಕಾಲಿಗೆ ಪ್ಲಾಸ್ಟರ್ ಹಾಕಿ ನಡೆದಾಡಿಸುತ್ತಲೇ ಗುಣಪಡಿಸುತ್ತಿದ್ದರು. ಪಾಲ್ ಬ್ರಾಂಡ್ ಆ ವಿದ್ಯೆಯನ್ನು ಅಮೆರಿಕಕ್ಕೆ ಒಯ್ದರು. ಈಗ ಸಕ್ಕರೆ ಕಾಯಿಲೆಯ ಹುಣ್ಣಿಗೆ ಜಗತ್ತಿನಲ್ಲೆಲ್ಲ ಅದೇ ಪ್ಲಾಸ್ಟರು. ಕುಷ್ಠ ಆಸ್ಪತ್ರೆಗಳಲ್ಲಿ ಕೊಡುತ್ತಿದ್ದ ಎಂ.ಸಿ.ಆರ್. ಎಂಬ ಮೆತ್ತನೆ ರಬ್ಬರಿನ, ಹಿಂದೆ ಪಟ್ಟಿ ಇರುವ ಚಪ್ಪಲಿಯೂ ಸಕ್ಕರೆಯವರಿಗೆ ಒಳ್ಳೆಯದೇ. "ಅದು ದೊಡ್ಡ ರೋಗದವರ ಚಪ್ಪಲಿ, ಹಾಕ್ಕೊಂಡ್ರ ಮಂದಿ ಏನಂದಾರು?" ಎಂದು ನಾಚಿ ಬಿಡುವವರಿದ್ದಾರೆ. ಮಂದಿ ಅನ್ನುವುದು ಊರುಗೋಲು ಬಂದ ಮೇಲೂ ತಪ್ಪುವುದಿಲ್ಲ.

ಕಾಲು ಹೋದ ಮೇಲೆ

ಎಷ್ಟು ಮಾಡಿದರೂ ಕೆಲವು ಕಾಲು ಉಳಿಯುವುದಿಲ್ಲ. ಆಗ ಎಲ್ಲಿಂದ ತೆಗೆಯುವುದು ಎಂಬುದೇ ದೊಡ್ಡ ಪ್ರಶ್ನೆ. ಮೊಣಕಾಲು ಉಳಿದರೆ ಕೃತಕ ಕಾಲು ಕಟ್ಟಿಕೊಂಡು ನಡೆಯುವುದು ಸಾಧ್ಯ. ಮೊಣಕಾಲಿನ ಮೇಲೆ ಹೋದರೆ ಪ್ರತಿ ಹೆಜ್ಜೆಗೂ ಬಹಳ ಹೆಚ್ಚಿನ ಶಕ್ತಿ ಬೇಕು, ವಯಸ್ಸಾದವರು ಅನೇಕರು ಮೂಲೆ ಹಿಡಿಯುತ್ತಾರೆ. ಅರಿವಳಿಕೆ ಇಲ್ಲದ ಕಾಲದಲ್ಲಿ ರೋಗಿಯನ್ನು ನಾಲ್ಕು ಜನ ಅಮುಕಿ ಹಿಡಿದು ಕತ್ತರಿಸುತ್ತಿದ್ದರು, ಬೇಗ ಕತ್ತರಿಸುವವನೇ ಒಳ್ಳೆಯ ವೈದ್ಯ. 1846ರ ಡಿಸೆಂಬರ್ 21ರಂದು ಲಂಡನ್ನಿನಲ್ಲಿ ರಾಬರ್ಟ್ ಲಿಸ್ಟನ್ ಈಥರ್ ಮೂಸಿಸಿ ಒಬ್ಬನ ಕಾಲು ತೆಗೆದ ಮೇಲೆ ಆ ನರಕ ಮುಗಿಯಿತು. ಇಂದಿನ ಶಸ್ತ್ರವೈದ್ಯ ಅವಸರ ಮಾಡುವುದಿಲ್ಲ. ಹಿಂಬದಿಯ ಮೀನಖಂಡದ ದಪ್ಪ ಮಾಂಸವನ್ನು ಉಳಿಸಿ ಎಲುಬಿನ ತುದಿಗೆ ಮೆತ್ತೆಯಂತೆ ಮಡಚಿ ಹೊಲಿಯುತ್ತಾನೆ, ಮುಂದೆ ಕೃತಕ ಕಾಲು ಕೂಡಬೇಕಲ್ಲ!

ಮನೆಗೆ ಬಂದ ಮೇಲೆ ಹೆಣ್ಣುಮಕ್ಕಳು ಕರುಣೆಯಿಂದ ಮಾಡುವ ಒಂದು ತಪ್ಪಿದೆ. ತುಂಡಾದ ಕಾಲಿನ ಮೊಣಕಾಲ ಕೆಳಗೆ ದಿಂಬು ಇಡುತ್ತಾರೆ. ಇಡಬಾರದು. ನಾಲ್ಕಾರು ವಾರ ಹಾಗೆ ಮಡಚಿದ ಮೊಣಕಾಲು ಮತ್ತೆ ನೆಟ್ಟಗಾಗುವುದಿಲ್ಲ, ಕೃತಕ ಕಾಲು ಹಾಕಲು ಬರುವುದಿಲ್ಲ. ಇನ್ನು ಕೆಲವರು "ಇಲ್ಲದ ಬೆರಳು ತುರಸ್ತಾವು" ಎನ್ನುತ್ತಾರೆ. ಮನೆಯವರು ಹುಚ್ಚು ಹಿಡಿಯಿತೆಂದು ಅಂಜುತ್ತಾರೆ. ಹುಚ್ಚಲ್ಲ. ಕಾಲು ಹೋದರೂ ಮಿದುಳಿನೊಳಗಿನ ಅದರ ನಕ್ಷೆ ಉಳಿದಿರುತ್ತದೆ. ವೈದ್ಯರಿಗೆ ಹೇಳಿದರೆ ಔಷಧವಿದೆ, ಕನ್ನಡಿ ಮುಂದಿಟ್ಟು ಮಾಡಿಸುವ ವ್ಯಾಯಾಮವೂ ಇದೆ.

ಕೃತಕ ಕಾಲಿನ ವಿಷಯದಲ್ಲಿ ನಮ್ಮ ದೇಶ ತಲೆ ಎತ್ತಿ ನಡೆಯಬಹುದು. 1968ರ ಸುಮಾರಿಗೆ ಜೈಪುರದ ಡಾ. ಪಿ.ಕೆ. ಸೇಠಿ ಮತ್ತು ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಜೈಪುರ ಕಾಲು ಮಾಡಿದರು. ಲಾರಿ ಟೈರಿಗೆ ರಬ್ಬರು ಹಚ್ಚುವ ಅಂಗಡಿಯಲ್ಲಿ ಶರ್ಮಾರಿಗೆ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ವಿಲಾಯತಿ ಕಾಲಿಗೆ ಬೂಟು ಬೇಕು. ಇದನ್ನು ಹಾಕಿಕೊಂಡು ಬರಿಗಾಲಲ್ಲಿ ಹೊಲಕ್ಕೆ ಹೋಗಬಹುದು, ಕುಕ್ಕರುಗಾಲಲ್ಲಿ ಕೂಡಬಹುದು. 1981ರಲ್ಲಿ ಬಸ್ಸು ಅಪಘಾತಕ್ಕೆ ಸಿಕ್ಕು, ಗಾಯ ಕೊಳೆತು ಕಾಲು ಕಳೆದುಕೊಂಡ ಸುಧಾ ಚಂದ್ರನ್ ಈ ಕಾಲು ಕಟ್ಟಿಕೊಂಡು ಮತ್ತೆ ಭರತನಾಟ್ಯಕ್ಕೆ ನಿಂತದ್ದನ್ನು 'ಮಯೂರಿ' ಸಿನಿಮಾ ನೋಡಿದವರು ಬಲ್ಲರು. ನಮ್ಮ ಭಾಗದವರು ಜೈಪುರಕ್ಕೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ, ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ, ಮಹಾವೀರ ಲಿಂಬ್ ಸೆಂಟರ್ ಇಂಥ ಕಾಲುಗಳನ್ನು ಮಾಡಿಕೊಡುತ್ತದೆ.

ಆದರೆ ಜೈಪುರ ಕಾಲು ಸಿಕ್ಕಿತೆಂದು ಸಕ್ಕರೆ ರೋಗಿ ಮೈಮರೆಯುವಂತಿಲ್ಲ. ಉಳಿದ ಇನ್ನೊಂದು ಕಾಲಿಗೆ ಈಗ ಇಬ್ಬರ ಭಾರ. ದೊಡ್ಡ ಮಟ್ಟದಲ್ಲಿ ಕಾಲು ತೆಗೆಸಿಕೊಂಡ ಸಕ್ಕರೆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂಬುದು ವಿದೇಶದ ಅಧ್ಯಯನಗಳು ಹೇಳುವ ಮಾತು, ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಾಲು ಕೆಡಿಸಿದ ರಕ್ತನಾಳಗಳೇ ಹೃದಯವನ್ನೂ ಕೆಡಿಸಿರುತ್ತವೆ.

ಇವತ್ತು ರಾತ್ರಿಯೇ ಮಾಡಿ ನೋಡಿ

ಆಸ್ಪತ್ರೆಗಳಲ್ಲಿ ಹತ್ತು ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತಿ ಸ್ಪರ್ಶ ನೋಡುತ್ತಾರೆ. ಆ ಎಳೆ ಇಲ್ಲದಿದ್ದರೂ ಮನೆಯಲ್ಲೇ ನೋಡುವ ಒಂದು ರೀತಿಯನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಢಿಗೆ ತಂದಿದ್ದಾರೆ. ಸಕ್ಕರೆ ಇದ್ದವರು ಕಣ್ಣು ಮುಚ್ಚಿ ಮಲಗಬೇಕು. ಮನೆಯವರು ತೋರುಬೆರಳಿನಿಂದ ಎರಡೂ ಪಾದದ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ ಹಗುರಾಗಿ, ಒಂದೆರಡು ಸೆಕೆಂಡು ಮಾತ್ರ ಮುಟ್ಟಬೇಕು. ಒತ್ತಬಾರದು, ತಿಕ್ಕಬಾರದು, ಚಕ್ಕಳಗುಳಿ ಬೇಡ. ಮುಟ್ಟಿದ್ದು ಗೊತ್ತಾದರೆ ಎಡ, ಬಲ ಎಂದು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಕಾಲಿನ ಕಾವಲುಗಾರ ಮಲಗಿದ್ದಾನೆಂದು ತಿಳಿದು ಮಾರನೆಯ ದಿನ ವೈದ್ಯರಲ್ಲಿಗೆ ಹೋಗಬೇಕು. ಸಕ್ಕರೆ ಪರೀಕ್ಷೆಗೆ ಆರೋಗ್ಯ ಕೇಂದ್ರಕ್ಕೆ ಹೋದಾಗ ಬೆರಳು ಚುಚ್ಚಿಸಿಕೊಂಡು ಚೀಟಿ ಹಿಡಿದು ಓಡಿಬರದೆ, ಚಪ್ಪಲಿ ಬಿಚ್ಚಿ "ಕಾಲೂ ನೋಡ್ರಿ" ಎನ್ನಬೇಕು. ಕೇಳುವವರಿದ್ದರೆ ತಾನೆ ನೋಡುವವರು?

ದಿನವೂ ರಾತ್ರಿ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳುವುದು, ಬಗ್ಗಲು ಬಾರದವರು ಮೊಮ್ಮಕ್ಕಳಿಗೆ ಹೇಳುವುದು ಅಥವಾ ಕೆಳಗೆ ಕನ್ನಡಿ ಇಟ್ಟುಕೊಳ್ಳುವುದು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು ಬೇಡ, ಆಣಿಗೆ ಹಚ್ಚುವ ಪಟ್ಟಿಯೂ ಬೇಡ, ಅದರಲ್ಲಿ ಆಸಿಡ್ ಇರುತ್ತದೆ. ಬಿಸಿ ನೀರಿನಲ್ಲಿ ಕಾಲಿಡುವ ಮುಂಚೆ ಮೊಣಕೈ ಅದ್ದಿ ನೋಡಬೇಕು. ಚಪ್ಪಲಿ ಮೆಟ್ಟುವ ಮುಂಚೆ ಕೊಡವಿ ಒಳಗೆ ಕೈಯಾಡಿಸಬೇಕು. ಹೊಸ ಚಪ್ಪಲಿಯನ್ನು ಸಂಜೆ ಕೊಳ್ಳುವುದು ಒಳ್ಳೆಯದು, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಚಪ್ಪಲಿ ಅಂಗಡಿಯವರು "ಹಾಕ್ಕೊಂಡ್ರ ಸಡಲ ಆಗ್ತೈತ್ರಿ" ಎಂದು ಬಿಗಿ ಜೋಡು ದಾಟಿಸುವುದನ್ನು ಸಕ್ಕರೆಯವರ ಮಟ್ಟಿಗಾದರೂ ಬಿಡಬೇಕು.

ಇನ್ನು ದೇವರ ಮಾತು. ಯುಗಾದಿಯ ಹೊತ್ತಿಗೆ ಈ ಭಾಗದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಸಾವಿರಾರು. ಹುಲಿಗೆಮ್ಮನ ಹರಕೆ ಹೊತ್ತವರೂ ಇದ್ದಾರೆ. ಯಾರ ಹರಕೆಗೂ ಅಡ್ಡ ಬರುವುದು ಈ ಬರಹದ ಉದ್ದೇಶವಲ್ಲ. ಜೋಮು ಹಿಡಿದ ಪಾದದವರು ಮಾತ್ರ ಹೊರಡುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳಲಿ, ಚಪ್ಪಲಿಯಲ್ಲಿ ನಡೆದರೆ ಮಲ್ಲಯ್ಯ ಬೇಡವೆನ್ನಲಾರ. ಇಟಗಿಗೆ ಬರುವವರಿಗಂತೂ ಸುಲಭದ ಉಪಾಯವಿದೆ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳುವುದು, ಮತ್ತು ಮೊದಲ ಬಸ್ಸಿಗೆ ಬರುವುದು. ಮುಂಜಾನೆ ಆ ಕಲ್ಲು ತಣ್ಣಗಿ ಇರುತ್ತದೆ.